ಉದ್ಯೋಗಪರ್ವವಿಲ್ಲದ ಯುದ್ಧಕಥನ: ಕಿರಿಯ ತರಗತಿಗಳಲ್ಲಿ ಮೊದಲ ಮಹಾಯುದ್ಧದ ಕಾರಣಗಳು

1

ಯುದ್ಧದ ಕಾರಣಗಳನ್ನು ಕುರಿತ ವಿದ್ವತ್ತು ಬೆಳೆದಷ್ಟು, ಆ ಕಾರಣಗಳನ್ನು ಮಕ್ಕಳಿಗೆ ಹೇಳುವ ಬಗೆಯನ್ನು ಕುರಿತ ವಿಮರ್ಶೆ ಬೆಳೆದಿಲ್ಲ. 1914ರಲ್ಲಿ ಆರಂಭವಾಗಿ 1918ರಲ್ಲಿ ಮುಗಿದ ಮೊದಲ ಮಹಾಯುದ್ಧಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಆ ಯುದ್ಧ ಏಕೆ ಆರಂಭವಾಯಿತು ಎಂಬ ಒಂದು ಪ್ರಶ್ನೆಯ ಸುತ್ತ ಒಂದು ಶತಮಾನಕ್ಕೂ ಮಿಕ್ಕಿದ ವಾಗ್ವಾದವಿದೆ. ಆದರೆ ಎಂಟರಿಂದ ಹನ್ನೊಂದು ವರ್ಷದ ಮಗು ಅದೇ ಪ್ರಶ್ನೆಯನ್ನು ಕೇಳಿದಾಗ ದೊರೆಯುವ ಉತ್ತರ ಅರ್ಧ ಪುಟವನ್ನು ದಾಟುವುದು ಅಪರೂಪ. ಆ ಅರ್ಧ ಪುಟವನ್ನು ವಿದ್ವಾಂಸರು ಓದುವುದಿಲ್ಲ; ಸಾಹಿತ್ಯ ವಿಮರ್ಶಕರು ಅದನ್ನು ತಮ್ಮ ವಿಷಯವೆಂದು ಭಾವಿಸುವುದಿಲ್ಲ.

ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷದ ಪಠ್ಯಕ್ರಮದಲ್ಲಿಯೇ ಎರಡು ಮಹಾಯುದ್ಧಗಳು ಸೇರಿವೆ. ಬ್ರಿಟನ್ನಿನಲ್ಲಿ ನವೆಂಬರ್ 11ರ ಸ್ಮರಣೆಯ ಸಂದರ್ಭದಲ್ಲಿ ಇನ್ನೂ ಚಿಕ್ಕ ಮಕ್ಕಳು ಕೆಂಪು ಗಸಗಸೆ ಹೂವಿನ ಗುರುತನ್ನು ಎದೆಗೆ ಸಿಕ್ಕಿಸಿಕೊಂಡು ಮೌನವಾಗಿ ನಿಲ್ಲುತ್ತಾರೆ. ಮೌನದ ನಂತರ ಪ್ರಶ್ನೆ ಬಂದೇ ಬರುತ್ತದೆ. ‘ಅವರು ಏಕೆ ಹೊಡೆದಾಡಿದರು?’ ಎಂಬುದು ಆ ಪ್ರಶ್ನೆ. ಇದಕ್ಕೆ ಕೊಡುವ ಉತ್ತರ ಕೇವಲ ಮಾಹಿತಿಯಲ್ಲ, ಅದೊಂದು ಕಥನ. ಕಥನವಾದುದರಿಂದ ಅದಕ್ಕೆ ಪಾತ್ರಗಳುಂಟು, ಕ್ರಿಯಾಪದಗಳುಂಟು, ಕೈಬಿಟ್ಟ ಸಂಗತಿಗಳುಂಟು. ಆದ್ದರಿಂದ ಅದನ್ನು ವಿಮರ್ಶೆಯ ಮಾನದಂಡಗಳಿಂದ ಪರಿಶೀಲಿಸುವುದು ಅಗತ್ಯ.

2

ಮೊದಲ ಮಹಾಯುದ್ಧದ ಕಾರಣಗಳನ್ನು ಕಿರಿಯರಿಗೆ ಹೇಳುವ ರೂಢಿಯಲ್ಲಿ ಮೂರು ಮಾದರಿಗಳನ್ನು ಗುರುತಿಸಬಹುದು.

ಮೊದಲನೆಯದು ಕೊಲೆಗಾರನ ಕಥೆ. 1914ರ ಜೂನ್ 28ರಂದು ಸರಾಯೇವೊ ನಗರದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತರ ತರುಣ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಆತನ ಪತ್ನಿ ಸೋಫಿಯನ್ನು ಗುಂಡಿಟ್ಟು ಕೊಂದ, ಆದ್ದರಿಂದ ಯುದ್ಧವಾಯಿತು. ಈ ಮಾದರಿಯ ಆಕರ್ಷಣೆ ಸ್ಪಷ್ಟ. ಇದರಲ್ಲಿ ರಾಜಕುಮಾರನಿದ್ದಾನೆ, ದಾರಿ ತಪ್ಪಿದ ಕಾರಿದೆ, ಪಿಸ್ತೂಲಿದೆ. ಪ್ರಿನ್ಸಿಪ್ ತಿಂಡಿ ತಿನ್ನಲು ಅಂಗಡಿಗೆ ಬಂದಿದ್ದಾಗ ಕಾರು ಆಕಸ್ಮಿಕವಾಗಿ ಎದುರಿಗೆ ಬಂದು ನಿಂತಿತು ಎಂಬ, ಸಮಕಾಲೀನ ದಾಖಲೆಗಳಲ್ಲಿ ಆಧಾರವಿಲ್ಲದ ಉಪಕಥೆಯೂ ಇತ್ತೀಚಿನ ದಶಕಗಳಲ್ಲಿ ಇದಕ್ಕೆ ಅಂಟಿಕೊಂಡಿದೆ. ಆದರೆ ಎರಡು ಕೊಲೆಗಳಿಂದ ಕೋಟ್ಯಂತರ ಜನರ ಯುದ್ಧ ಹೇಗಾಯಿತು ಎಂದು ಮಗು ಮರಳಿ ಕೇಳಿದರೆ ಈ ಮಾದರಿಯಲ್ಲಿ ಉತ್ತರವಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಗಾದೆ ಎಚ್ಚರಿಸುವ ತಪ್ಪನ್ನೇ ಇಲ್ಲಿ ಪಾಠವಾಗಿ ಕಲಿಸಲಾಗುತ್ತದೆ.

ಎರಡನೆಯದು ಉರುಳುವ ಬಿಲ್ಲೆಗಳ ಕಥೆ. ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಉಳಿದವೆಲ್ಲ ಒಂದರ ಮೇಲೊಂದು ಬೀಳುತ್ತವೆ. ಯುರೋಪಿನ ಮಿತ್ರಕೂಟಗಳೂ ಹಾಗೆಯೇ ಬಿದ್ದವು ಎಂಬುದು ಇದರ ಸಾರ. ಇದಕ್ಕೆ ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ ‘ಮೇನ್’ ಎಂಬ ನೆನಪಿನ ಸೂತ್ರವೊಂದು ಜೊತೆಗೂಡುತ್ತದೆ. ಸೈನಿಕವಾದ, ಮೈತ್ರಿಗಳು, ಸಾಮ್ರಾಜ್ಯಶಾಹಿ, ರಾಷ್ಟ್ರೀಯತೆ ಎಂಬ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ಪ್ರಮುಖ’ ಎಂಬರ್ಥದ ಈ ಪದವಾಗುತ್ತದೆ. ಪರೀಕ್ಷೆಗೆ ಇದು ಅನುಕೂಲ. ಆದರೆ ಬಿಲ್ಲೆಗಳ ಹೋಲಿಕೆ ಚರಿತ್ರೆಯ ಸಂಗತಿಗಳೊಡನೆ ಹೊಂದುವುದಿಲ್ಲ. 1882ರ ತ್ರಿರಾಷ್ಟ್ರ ಮೈತ್ರಿಯಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿಯ ಜೊತೆಗಿದ್ದ ಇಟಲಿ 1914ರಲ್ಲಿ ತಟಸ್ಥವಾಗಿ ಉಳಿಯಿತು. 1915ರಲ್ಲಿ ಎದುರು ಪಕ್ಷವನ್ನು ಸೇರಿ ಹೋರಾಡಿತು. ಅದೇ ಗುಂಪಿನೊಡನೆ ಗುಪ್ತ ಒಪ್ಪಂದ ಮಾಡಿಕೊಂಡಿದ್ದ ರೊಮೇನಿಯ 1916ರಲ್ಲಿ ಹಾಗೆಯೇ ಮಾಡಿತು. ಬ್ರಿಟನ್ನಿಗೆ ಫ್ರಾನ್ಸಿನ ಪರವಾಗಿ ಯುದ್ಧಕ್ಕಿಳಿಯಲೇಬೇಕೆಂಬ ಒಪ್ಪಂದದ ಕಟ್ಟುಪಾಡು ಇರಲಿಲ್ಲ. ಬಿಲ್ಲೆಗಳು ತಾವಾಗಿ ಬೀಳಲಿಲ್ಲ. ಕೆಲವು ಬೀಳಲು ನಿರಾಕರಿಸಿದವು, ಕೆಲವು ದಿಕ್ಕು ಬದಲಿಸಿದವು.

ಮೂರನೆಯದು ಕ್ಷುಲ್ಲಕ ಜಗಳದ ಕಥೆ. ಇದು ಪಠ್ಯಪುಸ್ತಕಕ್ಕಿಂತ ಮಕ್ಕಳ ಸಾಹಿತ್ಯದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅಮೆರಿಕದ ಲೇಖಕ ಡಾ. ಸ್ಯೂಸ್ 1984ರಲ್ಲಿ ಪ್ರಕಟಿಸಿದ ‘ದ ಬಟರ್ ಬ್ಯಾಟಲ್ ಬುಕ್’ ಇದರ ಪ್ರಸಿದ್ಧ ಉದಾಹರಣೆ. ರೊಟ್ಟಿಯ ಮೇಲ್ಮುಖಕ್ಕೆ ಬೆಣ್ಣೆ ಸವರುವವರು ಮತ್ತು ಕೆಳಮುಖಕ್ಕೆ ಸವರುವವರು ಗೋಡೆಯ ಆಚೀಚೆ ನಿಂತು, ಕವಣೆಯಿಂದ ಆರಂಭಿಸಿ ಸರ್ವನಾಶದ ಬಾಂಬಿನವರೆಗೆ ಪೈಪೋಟಿ ನಡೆಸುತ್ತಾರೆ. ಶೀತಲ ಸಮರದ ಕಾಲದ ಶಸ್ತ್ರಪೈಪೋಟಿಯ ವಿಡಂಬನೆಯಾಗಿ ಇದು ಸಮರ್ಥ ಕೃತಿ. ಆದರೆ ಇದನ್ನು ಯುದ್ಧಕಾರಣದ ಸಾಮಾನ್ಯ ಪಾಠವನ್ನಾಗಿ ಹಿಗ್ಗಿಸಿದರೆ, ಜನ ಹೊಡೆದಾಡುವುದು ಯಾವಾಗಲೂ ಅರ್ಥವಿಲ್ಲದ ಸಂಗತಿಗೆ ಎಂಬ ತಿಳಿವಳಿಕೆ ಉಳಿಯುತ್ತದೆ. 1871ರಲ್ಲಿ ಫ್ರಾನ್ಸ್ ಕಳೆದುಕೊಂಡ ಅಲ್ಸಾಸ್-ಲೊರೇನ್ ಪ್ರಾಂತ ಅಲ್ಲಿಯ ಜನಕ್ಕೆ ಬೆಣ್ಣೆಯ ವಿಷಯವಾಗಿರಲಿಲ್ಲ. 1908ರಲ್ಲಿ ಆಸ್ಟ್ರಿಯಾ ತನ್ನ ರಾಜ್ಯಕ್ಕೆ ಸೇರಿಸಿಕೊಂಡ ಬಾಸ್ನಿಯ ಸರ್ಬಿಯದ ಜನಕ್ಕೂ ಆಗಿರಲಿಲ್ಲ. ದೊಡ್ಡವರ ಜಗಳವನ್ನು ಕಂಡು ಮಗು ನಗಬಹುದು. ಆದರೆ ನಗುವಿನಿಂದ ಆ ಜಗಳದ ಒಡಲಿನ ನೋವು ತಿಳಿಯುವುದಿಲ್ಲ.

3

ಇವೆಲ್ಲ ಬೋಧನಾಕ್ರಮದ ಸಣ್ಣ ಲೋಪಗಳೆಂದು ತಳ್ಳಿಹಾಕುವಂತಿಲ್ಲ. ಕಿರಿಯ ತರಗತಿಯ ಯುದ್ಧಪಾಠ ಏನನ್ನು ಮಾಡಬಲ್ಲದು ಎಂಬುದಕ್ಕೆ ಎರಡು ಮಹಾಯುದ್ಧಗಳ ನಡುವಿನ ಯುರೋಪ್ ಸಾಕ್ಷಿಯಾಗಿದೆ.

ಸರಾಯೇವೊ ಹತ್ಯೆಯ ಐದು ವರ್ಷ ತುಂಬಿದ ದಿನವೇ, 1919ರ ಜೂನ್ 28ರಂದು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿತ್ತು. ಅದರ 231ನೆಯ ವಿಧಿ ಯುದ್ಧದ ನಷ್ಟಗಳ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಪರಿಹಾರಧನಕ್ಕೆ ಕಾನೂನಿನ ಆಧಾರವಾಗಿ ರಚಿತವಾದ ಈ ವಿಧಿ ಬೇಗನೆ ತರಗತಿಯ ಪಾಠವಾಯಿತು. ಗಡಿಯ ಒಂದು ಕಡೆ ‘ಅವರು ತಪ್ಪಿತಸ್ಥರು’ ಎಂಬ ಪಾಠ. ಇನ್ನೊಂದು ಕಡೆ ‘ನಮ್ಮ ಮೇಲೆ ಸುಳ್ಳು ಹೊರಿಸಿದರು’ ಎಂಬ ಪಾಠ. 1912ರಲ್ಲಿ ಹುಟ್ಟಿದ ಮಗು 1920ರಲ್ಲಿ ಎಂಟು ವರ್ಷದ್ದಾಗಿ ಈ ಪಾಠವನ್ನು ಕೇಳಿತು; 1939ರಲ್ಲಿ ಅದಕ್ಕೆ ಇಪ್ಪತ್ತೇಳು ವರ್ಷ. ಎರಡನೆಯ ಮಹಾಯುದ್ಧಕ್ಕೆ ಶಾಲಾಪಾಠವೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಆ ಯುದ್ಧಕ್ಕೆ ಹೊರಟ ಪೀಳಿಗೆ ಹಿಂದಿನ ಯುದ್ಧದ ಕಾರಣಗಳನ್ನು ಹೇಗೆ ಕಲಿತಿತ್ತು ಎಂಬ ಪ್ರಶ್ನೆಯನ್ನು ಬದಿಗಿಡಲಾಗದು.

ಇದರ ಗಂಭೀರತೆಯನ್ನು ಆ ಕಾಲದವರೇ ಅರಿತಿದ್ದರು. ಕಾರ್ನೆಗಿ ದತ್ತಿಸಂಸ್ಥೆ 1923ರಲ್ಲಿ ಯುದ್ಧೋತ್ತರ ಶಾಲಾಪುಸ್ತಕಗಳ ಸಮೀಕ್ಷೆಯನ್ನು ಪ್ರಕಟಿಸಿತು. 1925ರಲ್ಲಿ ರಾಷ್ಟ್ರಸಂಘದ ಬೌದ್ಧಿಕ ಸಹಕಾರ ಸಮಿತಿ ಅಂಗೀಕರಿಸಿದ ಕಸಾರೆಸ್ ನಿರ್ಣಯ, ಪರದೇಶಗಳ ಬಗ್ಗೆ ತಪ್ಪು ಕಲ್ಪನೆ ಬಿತ್ತುವ ಪಠ್ಯಭಾಗಗಳನ್ನು ತಿದ್ದಲು ಒಂದು ವಿಧಾನವನ್ನು ಸೂಚಿಸಿತು. ಫ್ರಾನ್ಸಿನ ಪ್ರಾಥಮಿಕ ಶಾಲಾ ಶಿಕ್ಷಕರ ರಾಷ್ಟ್ರೀಯ ಸಂಘ ಯುದ್ಧೋನ್ಮಾದದ ಪಠ್ಯಪುಸ್ತಕಗಳ ವಿರುದ್ಧ 1920ರ ದಶಕದಲ್ಲಿ ಚಳವಳಿಯನ್ನೇ ನಡೆಸಿತು. 1935ರಲ್ಲಿ ಫ್ರೆಂಚ್ ಮತ್ತು ಜರ್ಮನ್ ಇತಿಹಾಸಕಾರರು ಪ್ಯಾರಿಸಿನಲ್ಲಿ ಕಲೆತು, ಯುದ್ಧಕಾರಣವೂ ಸೇರಿದಂತೆ ವಿವಾದದ ಅಂಶಗಳ ಬಗ್ಗೆ ಒಂದು ಹೇಳಿಕೆಯನ್ನು ರೂಪಿಸಿದರು. ಆದರೆ ಆ ವೇಳೆಗೆ ಜರ್ಮನಿಯ ಶಾಲೆಗಳು ನಾಟ್ಸಿ ಆಡಳಿತದ ಹಿಡಿತದಲ್ಲಿದ್ದವು.

ಈ ಕೆಲಸ ಮತ್ತೆ ಮುಂದುವರಿದದ್ದು ಇನ್ನೊಂದು ಯುದ್ಧ ಮುಗಿದ ಮೇಲೆ. 1951ರಲ್ಲಿ ಎರಡೂ ದೇಶಗಳ ಇತಿಹಾಸಕಾರರು, 1914ರಲ್ಲಿ ಯಾವ ಸರ್ಕಾರವೂ ಯಾವ ಜನತೆಯೂ ಉದ್ದೇಶಪೂರ್ವಕವಾಗಿ ಯುರೋಪಿನ ಮಹಾಯುದ್ಧವನ್ನು ಬಯಸಿತ್ತೆಂದು ಹೇಳಲಾಗದು ಎಂಬ ಒಮ್ಮತಕ್ಕೆ ಬಂದರು. 2006ರಿಂದ 2011ರವರೆಗೆ ಮೂರು ಸಂಪುಟಗಳಲ್ಲಿ ಜಂಟಿ ಪಠ್ಯಪುಸ್ತಕವೂ ಹೊರಬಂದಿತು. ಇದು ದೊಡ್ಡ ಸಾಧನೆಯೇ. ಆದರೆ ಎರಡು ಅಂಶಗಳನ್ನು ಗಮನಿಸಬೇಕು. ಜಂಟಿ ಪುಸ್ತಕ ರಚಿತವಾದದ್ದು ಪ್ರೌಢ ಹಂತದ ಮೇಲಿನ ತರಗತಿಗಳಿಗೆ. ದ್ವೇಷದ ಪಾಠ ಮೊದಲು ಬೇರೂರಿದ್ದ ಕಿರಿಯ ತರಗತಿಗಳಿಗಲ್ಲ. ಇನ್ನು, ‘ಯಾರೂ ಬಯಸಲಿಲ್ಲ’ ಎಂಬ ಒಮ್ಮತವೇ ಹತ್ತು ವರ್ಷಗಳಲ್ಲಿ ಪ್ರಶ್ನೆಗೆ ಒಳಗಾಯಿತು. ಜರ್ಮನಿಯ ಇತಿಹಾಸಕಾರ ಫ್ರಿಟ್ಜ್ ಫಿಷರ್ 1961ರ ತನ್ನ ಗ್ರಂಥದಲ್ಲಿ ಜರ್ಮನ್ ನಾಯಕತ್ವದ ವಿಸ್ತರಣೆಯ ಗುರಿಗಳನ್ನು ದಾಖಲೆಗಳ ಬಲದಿಂದ ಮುಂದಿಟ್ಟ. ಕ್ರಿಸ್ಟೋಫರ್ ಕ್ಲಾರ್ಕ್ 2012ರ ‘ದ ಸ್ಲೀಪ್‌ವಾಕರ್ಸ್’ ಗ್ರಂಥದಲ್ಲಿ ಹೊಣೆಯನ್ನು ಹಲವು ರಾಜಧಾನಿಗಳಿಗೆ ಹಂಚಿದ. ವಾದ ಇನ್ನೂ ಮುಗಿದಿಲ್ಲ. ದೊಡ್ಡವರಲ್ಲಿ ತೀರ್ಮಾನವಾಗದ ಪ್ರಶ್ನೆಯನ್ನು ಮಗುವಿಗೆ ನಾಲ್ಕು ಪದಗಳ ಮುಗಿದ ಪಟ್ಟಿಯಾಗಿ ಕೊಡುವುದು ಎಷ್ಟು ಪ್ರಾಮಾಣಿಕ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

4

ಒಬ್ಬನೇ ತಪ್ಪಿತಸ್ಥನೆಂಬ ಹಳೆಯ ಪಾಠದಿಂದ ಯಾರೂ ತಪ್ಪಿತಸ್ಥರಲ್ಲವೆಂಬ ಹೊಸ ಪಾಠಕ್ಕೆ ಶಾಲೆಗಳು ಸಾಗಿಬಂದದ್ದರ ಪರಿಣಾಮ ಭಾಷೆಯಲ್ಲಿ ಎದ್ದುಕಾಣುತ್ತದೆ. ಯುದ್ಧ ‘ಸ್ಫೋಟಿಸಿತು’, ‘ಭುಗಿಲೆದ್ದಿತು’, ‘ಹಬ್ಬಿತು’, ದೇಶಗಳು ಅದರೊಳಗೆ ‘ಸೆಳೆಯಲ್ಪಟ್ಟವು’. ಕನ್ನಡದಲ್ಲಿಯೂ ಈ ವಿಷಯವನ್ನು ಬರೆಯುವಾಗ ಲೇಖನಿಗೆ ಮೊದಲು ಒದಗುವ ಕ್ರಿಯಾಪದಗಳು ಇವೇ. ಇವು ಬೆಂಕಿಗೆ, ಪ್ರವಾಹಕ್ಕೆ, ರೋಗಕ್ಕೆ ಸಲ್ಲುವ ಮಾತುಗಳು. ಇವುಗಳಲ್ಲಿ ಕರ್ತೃ ಇಲ್ಲ. ಮನೆಯಲ್ಲಿ ಲೋಟ ಒಡೆದಾಗ ‘ಒಡೆಯಿತು’ ಎಂದು ಹೇಳುವ ಮಗುವನ್ನು ಹಿರಿಯರು ಬಿಡುವುದಿಲ್ಲ, ‘ಯಾರು ಒಡೆದರು?’ ಎಂದು ಕೇಳುತ್ತಾರೆ. ಆದರೆ ಅದೇ ಹಿರಿಯರು ಒಂದು ಖಂಡವೇ ಒಡೆದುಹೋದ ಸಂಗತಿಯನ್ನು ಮಗುವಿಗೆ ಹೇಳುವಾಗ ಅಕರ್ಮಕ ಕ್ರಿಯಾಪದದ ಮರೆಗೆ ಸರಿಯುತ್ತಾರೆ.

ಭಾರತೀಯ ತರ್ಕಶಾಸ್ತ್ರ ಕಾರಣವನ್ನು ವಿವರಿಸಲು ಬಳಸುವ ಮಡಕೆಯ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ. ಮಡಕೆಗೆ ಮಣ್ಣು ಒಂದು ಬಗೆಯ ಕಾರಣ. ಕುಂಬಾರ, ತಿಗರಿ, ಕೋಲು ಇನ್ನೊಂದು ಬಗೆಯ, ಅಂದರೆ ನಿಮಿತ್ತ ಕಾರಣ. ಮಣ್ಣಿದ್ದ ಮಾತ್ರಕ್ಕೆ ಮಡಕೆಯಾಗದು. ‘ಮೇನ್’ ಸೂತ್ರದ ನಾಲ್ಕು ಪದಗಳು ಮಣ್ಣನ್ನು ಹೇಳುತ್ತವೆ. ಸರಾಯೇವೊ ಕಥೆ ತಿಗರಿಗೆ ತಗುಲಿದ ಕೋಲನ್ನು ಹೇಳುತ್ತದೆ. ಕುಂಬಾರ ಎರಡರಲ್ಲಿಯೂ ಇಲ್ಲ. 1905 ಮತ್ತು 1911ರ ಮೊರಾಕೊ ಬಿಕ್ಕಟ್ಟುಗಳಲ್ಲಿ, 1908ರ ಬಾಸ್ನಿಯ ಬಿಕ್ಕಟ್ಟಿನಲ್ಲಿ, 1912-13ರ ಬಾಲ್ಕನ್ ಯುದ್ಧಗಳಲ್ಲಿ ಅದೇ ಸೈನಿಕವಾದ, ಅದೇ ಮೈತ್ರಿಗಳು, ಅದೇ ರಾಷ್ಟ್ರೀಯತೆ ಇದ್ದವು. ಆದರೂ ಮಹಾಯುದ್ಧವಾಗಲಿಲ್ಲ. ಆಗ ತಡೆಯಲು ಸಾಧ್ಯವಾದದ್ದು 1914ರಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂಬುದೇ ಕಾರಣದ ನಿಜವಾದ ಪ್ರಶ್ನೆ. ಮಕ್ಕಳ ಪಠ್ಯ ಆ ಪ್ರಶ್ನೆಯನ್ನು ಎತ್ತುವುದೇ ಇಲ್ಲ.

ಮಹಾಭಾರತವನ್ನು ಕೇಳಿ ಬೆಳೆದ ಕನ್ನಡದ ಓದುಗನಿಗೆ ಈ ಕೊರತೆ ಬೇಗ ಹೊಳೆಯಬೇಕು. ದ್ಯೂತಕ್ಕೂ ಕುರುಕ್ಷೇತ್ರಕ್ಕೂ ನಡುವೆ ಆ ಕಾವ್ಯ ಉದ್ಯೋಗಪರ್ವವನ್ನು ಇಟ್ಟಿದೆ. ದ್ರುಪದನ ಪುರೋಹಿತ ಹೋಗುತ್ತಾನೆ, ಸಂಜಯ ಬರುತ್ತಾನೆ, ಕೊನೆಗೆ ಕೃಷ್ಣನೇ ಸಂಧಾನಕ್ಕೆ ತೆರಳುತ್ತಾನೆ; ಬೇಡಿಕೆ ಐದು ಗ್ರಾಮಗಳಿಗೆ ಇಳಿಯುತ್ತದೆ. ವಿಧಿಯ ಮಾತು ಕಾವ್ಯದುದ್ದಕ್ಕೂ ಇದ್ದರೂ, ತಪ್ಪಿಸಲು ಸಾಧ್ಯವಿತ್ತೆಂಬ ಅರಿವನ್ನು ಈ ಪರ್ವ ಕೇಳುಗನಲ್ಲಿ ಜೀವಂತವಾಗಿಡುತ್ತದೆ. ಮನೆಯ ಹಿರಿಯರಿಂದ ಈ ಕಥೆಯನ್ನು ಕೇಳುವ ಮಗುವಿಗೂ ‘ಐದು ಊರನ್ನಾದರೂ ಕೊಡಬಹುದಿತ್ತಲ್ಲ’ ಎನ್ನಿಸುತ್ತದೆ. ಮೊದಲ ಮಹಾಯುದ್ಧದ ಮಕ್ಕಳ ಕಥನದಲ್ಲಿ ಹತ್ಯೆಯ ಪುಟದ ನಂತರ ಕಂದಕಗಳ ಪುಟ ಬರುತ್ತದೆ. ಅದರಲ್ಲಿ ಉದ್ಯೋಗಪರ್ವವೇ ಇಲ್ಲ.

5

ಹತ್ಯೆ ನಡೆದ ಜೂನ್ 28ರಿಂದ ಬ್ರಿಟನ್ ಯುದ್ಧ ಘೋಷಿಸಿದ ಆಗಸ್ಟ್ 4ರವರೆಗೆ 37 ದಿನಗಳಿವೆ. ಈ 37 ದಿನಗಳೇ ಆ ಕಾಣೆಯಾದ ಪರ್ವ. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್, ಏನೇ ಆದರೂ ಜೊತೆಗಿರುವೆನೆಂಬ ಭರವಸೆಯನ್ನು ಆಸ್ಟ್ರಿಯಾಕ್ಕೆ ಕೊಟ್ಟ. ಜುಲೈ 23ರಂದು ಆಸ್ಟ್ರಿಯಾ ಸರ್ಬಿಯಕ್ಕೆ 48 ಗಂಟೆಗಳ ಗಡುವಿನ ಅಂತಿಮ ಎಚ್ಚರಿಕೆಯನ್ನು ಕಳುಹಿಸಿತು. ಸರ್ಬಿಯ ಹೆಚ್ಚಿನ ಷರತ್ತುಗಳಿಗೆ ಒಪ್ಪಿತು. ತನ್ನ ನೆಲದ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸುವುದಕ್ಕೆ ಒಪ್ಪಲಿಲ್ಲ. ಜುಲೈ 26ರಂದು ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ರಾಯಭಾರಿಗಳ ಸಮಾವೇಶವನ್ನು ಸೂಚಿಸಿದ. ಜರ್ಮನಿ ಅದನ್ನು ನಿರಾಕರಿಸಿತು. ಸರ್ಬಿಯದ ಉತ್ತರವನ್ನು ಜುಲೈ 28ರಂದು ಓದಿದ ವಿಲ್ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲವೆಂದು ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿತು. ರಷ್ಯದ ಝಾರ್ ಎರಡನೆಯ ನಿಕೊಲಸ್ ಪೂರ್ಣ ಸೇನಾ ಜಮಾವಣೆಯ ಆಜ್ಞೆಯನ್ನು ಜುಲೈ 29ರ ರಾತ್ರಿ ಹಿಂತೆಗೆದುಕೊಂಡ. ಮಾರನೆಯ ದಿನ ಸಲಹೆಗಾರರ ಒತ್ತಾಯಕ್ಕೆ ಮಣಿದು ಮತ್ತೆ ಹೊರಡಿಸಿದ. ಯುದ್ಧವನ್ನು ತಡೆಯಲು ಶ್ರಮಿಸುತ್ತಿದ್ದ ಫ್ರಾನ್ಸಿನ ಸಮಾಜವಾದಿ ನಾಯಕ ಜಾನ್ ಜೊರೆಸ್ ಜುಲೈ 31ರಂದು ಪ್ಯಾರಿಸಿನಲ್ಲಿ ಕೊಲೆಯಾದ. ಆಗಸ್ಟ್ 1ರಂದು ಜರ್ಮನಿ ರಷ್ಯದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಯುದ್ಧ ಘೋಷಿಸಿತು. 1839ರ ಒಪ್ಪಂದದಿಂದ ತಟಸ್ಥತೆಯ ಖಾತರಿ ಪಡೆದಿದ್ದ ಬೆಲ್ಜಿಯಂನೊಳಕ್ಕೆ 4ರಂದು ಅದರ ಸೈನ್ಯ ನುಗ್ಗಿತು.

ಇಷ್ಟು ಜಟಿಲವಾದ ವಿಷಯ ಎಂಟು-ಹತ್ತು ವರ್ಷದ ಮಗುವಿಗೆ ಎಟುಕದು ಎಂಬ ಆಕ್ಷೇಪ ಬರಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಚಿಕ್ಕ ಮಕ್ಕಳಿಗೆ ಅಮೂರ್ತ ವಿಚಾರಗಳು ಕಷ್ಟವೆಂಬುದು ಶಿಕ್ಷಕರ ನಿತ್ಯದ ಅನುಭವ. ಆದರೆ ಅದು ಹೆಚ್ಚು ಸಲ್ಲುವುದು ಈಗಿನ ರೂಢಿಗೇ. ‘ಸಾಮ್ರಾಜ್ಯಶಾಹಿ’, ‘ರಾಷ್ಟ್ರೀಯತೆ’ ಎಂಬ ಪದಗಳಿಗಿಂತ ಅಮೂರ್ತವಾದವು ಬೇರೆ ಇಲ್ಲ. ಯೋಚಿಸದೆ ಕೊಟ್ಟ ಮಾತು, ಉತ್ತರಕ್ಕೆ ಕಾಯದೆ ಹೊಡೆದ ಏಟು, ಹೆದರಿಕೆಯಿಂದ ಮೊದಲೇ ಎತ್ತಿದ ಕೈ, ಒಂದು ರಾತ್ರಿ ತಡೆದು ಮಾರನೆಯ ದಿನ ಸಡಿಲಿದ ಮನಸ್ಸು: ಇವು ಆಟದ ಬಯಲಿನಲ್ಲಿ ಮಗು ದಿನವೂ ಕಾಣುವ ಸಂಗತಿಗಳು. ಯಾವ ವಿಷಯವನ್ನಾದರೂ ಬೌದ್ಧಿಕ ಪ್ರಾಮಾಣಿಕತೆ ಕೆಡದ ಒಂದು ರೂಪದಲ್ಲಿ ಯಾವ ಹಂತದ ಮಗುವಿಗಾದರೂ ಕಲಿಸಬಹುದೆಂದು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರಲ್ಲಿಯೇ ವಾದಿಸಿದ್ದ. ನಿರ್ಧಾರಗಳ ಸರಣಿಯಾಗಿ ಹೇಳಿದ ಕಾರಣಕಥನ ಅಂಥ ಒಂದು ರೂಪ. ಹಾಗೆಂದು ರಾಷ್ಟ್ರಗಳ ವ್ಯವಹಾರವನ್ನು ಆಟದ ಬಯಲಿನ ಜಗಳಕ್ಕೆ ಇಳಿಸಿದರೆ ಮೂರನೆಯ ಮಾದರಿಯ ತಪ್ಪು ಮರುಕಳಿಸುತ್ತದೆ. ಮಗುವಿನ ಅನುಭವ ಒಳಹೋಗಲು ಬಾಗಿಲು ಮಾತ್ರ. ಒಳಗಿರುವ ಸೈನ್ಯ, ಗಡಿ, ಸಾಮ್ರಾಜ್ಯಗಳನ್ನು ಅವುಗಳ ಹೆಸರಿನಿಂದಲೇ ತೋರಿಸಬೇಕಾಗುತ್ತದೆ.

ಮಕ್ಕಳ ಸಾಹಿತ್ಯ ಈ ಕೆಲಸವನ್ನು ಎಷ್ಟು ಮಾಡಿದೆ? ಮೈಕೆಲ್ ಮೊರ್‌ಪರ್ಗೊನ ‘ವಾರ್ ಹಾರ್ಸ್’ (1982) ಕಾದಂಬರಿಯಲ್ಲಿ ಕಥೆ ಹೇಳುವುದು ಸೈನ್ಯಕ್ಕೆ ಮಾರಾಟವಾದ ಒಂದು ಕುದುರೆ. ಅದು ಎರಡೂ ಪಕ್ಷಗಳ ಸೇವೆ ಮಾಡುತ್ತದೆ, ಎರಡೂ ಕಡೆಯ ಒಳ್ಳೆಯವರನ್ನು ಕಾಣುತ್ತದೆ. ಶತ್ರುವೆಂಬ ಕಲ್ಪನೆಯನ್ನು ಕರಗಿಸುವುದರಲ್ಲಿ ಕೃತಿ ಯಶಸ್ವಿಯಾಗಿದೆ. ಆದರೆ ಕುದುರೆಯ ಕಣ್ಣಿಗೆ ಮಂತ್ರಾಲೋಚನೆಯ ಕೋಣೆ ಕಾಣಿಸದು. ಯುದ್ಧ ಅಲ್ಲಿಯೂ ಆಕಾಶದಿಂದ ಬಿದ್ದ ವಿಪತ್ತೇ. ಇದಕ್ಕೆ ಪ್ರತಿಯಾಗಿ ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್‌ನ ‘ಪ್ರಾಣಿಗಳ ಸಮಾವೇಶ’ (1949) ಆ ಕೋಣೆಯ ಬಾಗಿಲನ್ನೇ ತೆರೆಯುತ್ತದೆ. 1917ರಲ್ಲಿ ಹದಿಹರೆಯದಲ್ಲಿಯೇ ಸೈನ್ಯಕ್ಕೆ ಸೇರಬೇಕಾಗಿ ಬಂದ, 1933ರಲ್ಲಿ ತನ್ನ ಪುಸ್ತಕಗಳು ಸುಡುವುದನ್ನು ಕಂಡ ಈ ಲೇಖಕ, ಮನುಷ್ಯರ ಸಮಾವೇಶಗಳು ವಿಫಲವಾಗುವುದನ್ನು ಕಂಡು ಬೇಸತ್ತ ಪ್ರಾಣಿಗಳ ಕಥೆ ಹೇಳುತ್ತಾನೆ. ಇಲಿಗಳು ಕಡತಗಳನ್ನು ತಿನ್ನುತ್ತವೆ, ನುಸಿಗಳು ಸಮವಸ್ತ್ರಗಳನ್ನು ತಿನ್ನುತ್ತವೆ. ಕೊನೆಗೆ ಪ್ರಾಣಿಗಳು ಜಗತ್ತಿನ ಮಕ್ಕಳನ್ನೆಲ್ಲ ಬಚ್ಚಿಟ್ಟು, ಆಳುವವರಿಂದ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿಸುತ್ತವೆ. ಕಥೆ ಕಾಲ್ಪನಿಕ, ಪರಿಹಾರ ಅಸಾಧ್ಯ. ಆದರೂ ಯುದ್ಧವೂ ಶಾಂತಿಯೂ ಯಾರೋ ಮಾಡುವ ಕೆಲಸಗಳೆಂಬ, ಕಡತ ಮತ್ತು ಸಹಿಗಳ ಮೂಲಕ ನಡೆಯುವ ಕೆಲಸಗಳೆಂಬ ಸತ್ಯ ಅದರಲ್ಲಿದೆ. ಆ ಒಪ್ಪಂದದಲ್ಲಿ ಶಿಕ್ಷಕರಿಗೆ ಅತಿ ಹೆಚ್ಚು ಸಂಬಳ ಕೊಡಬೇಕೆಂಬ ಷರತ್ತು ಇರುವುದೂ ಗಮನಾರ್ಹ.

6

ಈ ಚರ್ಚೆ ಯುರೋಪಿನದು ಮಾತ್ರವಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕಿಯ ಸೈನ್ಯದಿಂದ ವಶಪಡಿಸಿಕೊಂಡ ಕಾಳಗದಲ್ಲಿ ಜೋಧಪುರದ ಅಶ್ವದಳದ ಜೊತೆ ಮೈಸೂರು ಸಂಸ್ಥಾನದ ಲ್ಯಾನ್ಸರ್ ಪಡೆಯೂ ಇತ್ತು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿಹೋದರು. ಹೈದರಾಬಾದ್, ಮೈಸೂರು, ಜೋಧಪುರದ ಸವಾರರ ನೆನಪಿಗೆ ದೆಹಲಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರೂ ಸೇರಿತು. ಬೆಂಗಳೂರಿನಲ್ಲಿಯೂ ಈ ಪಡೆಯ ಸ್ಮಾರಕವೊಂದಿದೆ. ಅದರ ಮುಂದೆ ನಿಂತ ಮಗು ‘ಇವರು ಅಲ್ಲಿಗೆ ಏಕೆ ಹೋದರು?’ ಎಂದು ಕೇಳಿದರೆ ಪ್ರಿನ್ಸಿಪ್‌ನ ಪಿಸ್ತೂಲಾಗಲಿ ನಾಲ್ಕು ಪದಗಳ ಸೂತ್ರವಾಗಲಿ ಉತ್ತರವಾಗದು. ಉತ್ತರ ಇನ್ನೊಂದು ನಿರ್ಧಾರಗಳ ಸರಣಿಯಲ್ಲಿದೆ. ಲಂಡನ್ ಯುದ್ಧ ಘೋಷಿಸಿತು. ಭಾರತೀಯರನ್ನು ಕೇಳದೆಯೇ ಭಾರತವೂ ಯುದ್ಧದಲ್ಲಿದೆಯೆಂದು ಆಯಿತು. 1914ರ ಕೊನೆಯಲ್ಲಿ ತುರ್ಕಿ ಜರ್ಮನಿಯ ಪಕ್ಷ ಸೇರಿತು. 1881ರಲ್ಲಿ ಬ್ರಿಟಿಷರಿಂದ ಷರತ್ತುಗಳೊಡನೆ ರಾಜ್ಯವನ್ನು ಮರಳಿ ಪಡೆದ ಅರಸುಮನೆತನದ ಸಂಸ್ಥಾನ ತನ್ನ ದಳವನ್ನು ಕಳುಹಿಸಿತು. ‘ಸಾಮ್ರಾಜ್ಯಶಾಹಿ’ ಎಂದರೇನೆಂದು ಆ ಮಗುವಿಗೆ ಇದಕ್ಕಿಂತ ಸ್ಪಷ್ಟವಾಗಿ ತಿಳಿಯಲಾರದು: ಒಬ್ಬರು ಮಾಡಿದ ನಿರ್ಧಾರಕ್ಕೆ, ಕೇಳಿಸಿಕೊಳ್ಳದ ಇನ್ನೊಬ್ಬರು ಕಡಲು ದಾಟಿ ಹೋಗಬೇಕಾಗಿ ಬರುವ ಸ್ಥಿತಿ ಅದು. ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಲ್ಲಿ ಸೇವೆ ಸಲ್ಲಿಸಿದರು. ಸುಮಾರು 74,000 ಮಂದಿ ಮರಳಿ ಬರಲಿಲ್ಲ.

ಕಿರಿಯ ತರಗತಿಗಾಗಿ ಯುದ್ಧವನ್ನು ಕುರಿತು ಬರೆಯುವವರು ಕಾರಣಗಳ ಪಟ್ಟಿಯನ್ನು ಹಿಗ್ಗಿಸಬೇಕಾಗಿಲ್ಲ. ವಾಕ್ಯಗಳಿಗೆ ಕರ್ತೃಪದವನ್ನು ಮರಳಿ ಕೊಡಬೇಕಾಗಿದೆ. ಯಾರು, ಯಾವ ದಿನ, ಏನನ್ನು ತಿಳಿದು, ಯಾವುದಕ್ಕೆ ಹೆದರಿ, ಏನನ್ನು ನಿರ್ಧರಿಸಿದರು. ಆ ದಿನ ಬೇರೆ ಏನು ಮಾಡಬಹುದಿತ್ತು? ಈ ಪ್ರಶ್ನೆಗಳಿಗೆ ವಿದ್ವಾಂಸರಲ್ಲಿ ಭಿನ್ನ ಉತ್ತರಗಳಿವೆ ಎಂಬುದನ್ನೂ ಮಗುವಿನಿಂದ ಮುಚ್ಚಿಡಬೇಕಾಗಿಲ್ಲ. 1920ರ ದಶಕದ ತರಗತಿಗಳು ಮಕ್ಕಳಿಗೆ ಒಬ್ಬ ಅಪರಾಧಿಯನ್ನು ಕೊಟ್ಟವು. ನಂತರದ ಎಷ್ಟೋ ತರಗತಿಗಳು ಒಂದು ಪ್ರಕೃತಿವಿಕೋಪವನ್ನು ಕೊಟ್ಟವು. 37 ದಿನಗಳ ಆ ಪರ್ವವನ್ನು ಓದಿದ ಮಗು ಮುಂದೆ ತನ್ನ ಕಾಲದ ವೃತ್ತಪತ್ರಿಕೆಯಲ್ಲಿ ‘ಯುದ್ಧ ಭುಗಿಲೆದ್ದಿತು’ ಎಂಬ ಸಾಲನ್ನು ಕಂಡಾಗ, ಹಚ್ಚಿದವರು ಯಾರು, ಆರಿಸಲು ಹೋದವರು ಯಾರು ಎಂದು ಕೇಳುವಂತಾದರೆ ಪ್ರಾಥಮಿಕ ಶಾಲೆಯ ಚರಿತ್ರೆಯ ಪಾಠ ತನ್ನ ಕೆಲಸವನ್ನು ಮಾಡಿದಂತೆ.